ಹುಳ ಹಿಡಿಯದ ದಿಂಬು

ಆ ಮ್ಯೂಸಿಯಂನ ಹಕ್ಕಿ ಕೋಣೆಯಲ್ಲಿ ಇನ್ನೂರಕ್ಕೂ ಹೆಚ್ಚು ಹಕ್ಕಿಗಳಿದ್ದವು. ಉಸಿರಾಡುತ್ತಿದ್ದವಳು ಧೂಳಕ್ಕ ಒಬ್ಬಳೇ. ಹದಿನಾಲ್ಕು ವರ್ಷದಿಂದ ಗಾಜಿನ ಕಪಾಟುಗಳ ಬೀಗ ತೆಗೆದು ಹುಲ್ಲು ತುಂಬಿಟ್ಟ ಸತ್ತ ಹಕ್ಕಿಗಳ ಬೆನ್ನು, ಕೊಕ್ಕು ಒರೆಸುತ್ತಿದ್ದವಳಿಗೆ ಕಾವಲುಗಾರ ಇಟ್ಟ ಹೆಸರದು. ಮನೆಯಲ್ಲಿ ಅವಳ ಕೆಲಸಕ್ಕೆ ಹೆಸರೇ ಇರಲಿಲ್ಲ. ಅಲ್ಲೂ ಕಸ, ಇಲ್ಲೂ ಕಸ, ಇದರಲ್ಲಿ ದಣಿಯೋಕೆ ಏನಿದೆ ಎಂದು ಗಂಡ ಕಾಲು ಚಾಚುತ್ತಿದ್ದ. ಅವಳು ಆ ಕಾಲಿನ ಕೆಳಗೂ ಗುಡಿಸುತ್ತಿದ್ದಳು.

ಪಕ್ಕದ ಕೋಣೆಯ ಕಂಬಳಿಗಳಿಗೆ ನುಸಿ ಹಿಡಿದಿತ್ತು, ಪುಸ್ತಕಗಳಿಗೆ ಗೆದ್ದಲು. ಹಕ್ಕಿಗಳಿಗೆ ಮಾತ್ರ ನೂರು ವರ್ಷವಾದರೂ ಒಂದು ಹುಳವಿಲ್ಲ. ಕಪಾಟಿನೊಳಗೆ ಹೊಕ್ಕ ಜಿರಲೆ ಬೆಳಿಗ್ಗೆ ಕಾಲು ಮೇಲೆ ಮಾಡಿ ಬಿದ್ದಿರುತ್ತಿತ್ತು. ಗಾಜಿನ ಮೇಲೆ 'ಮುಟ್ಟಬೇಡಿ' ಎಂಬ ಬೋರ್ಡು. ಜನ ಮುಟ್ಟಿದರೆ ಹಕ್ಕಿ ಹಾಳಾದೀತು ಎಂದೇ ಅವಳು ತಿಳಿದಿದ್ದಳು.

ಉದುರಿದ ಗರಿಗಳನ್ನು ಕಸಕ್ಕೆ ಹಾಕಲು ಅವಳಿಗೆ ಕೈ ಬರುತ್ತಿರಲಿಲ್ಲ. ವರ್ಷಗಟ್ಟಲೆ ಕೂಡಿಟ್ಟು, ಗಂಡನ ಹಳೇ ಅಂಗಿಯಲ್ಲಿ ತುಂಬಿ, ಏಳು ವರ್ಷದ ಮಗಳಿಗೊಂದು ದಿಂಬು ಹೊಲಿದಳು. ನಮ್ಮ ಹಾಸಿಗೆ ತುಂಬ ತಿಗಣೆ, ಈ ದಿಂಬಲ್ಲಿ ಒಂದೂ ಇಲ್ಲ ನೋಡು ಎಂದು ಅತ್ತೆ ಬಂದವರಿಗೆಲ್ಲ ತೋರಿಸುತ್ತಿದ್ದರು. ಮಗಳು ಅದಕ್ಕೆ ಮುಖ ಒತ್ತಿಯೇ ಮಲಗುತ್ತಿದ್ದಳು.

ಆ ವರ್ಷ ಮಗಳ ಹೊಟ್ಟೆ ಕೆಟ್ಟಿತು. ವಾಂತಿ, ಭೇದಿ, ಮತ್ತೆ ಸುಮ್ಮನಾಗುವುದು, ಮತ್ತೆ ಶುರು. ಮಗುವಿನ ಹೊಟ್ಟೆ ಕೆಟ್ಟರೆ ವಿಚಾರಣೆ ಅಡುಗೆಮನೆಯಿಂದಲೇ ತಾನೇ. ಏನು ತಿನ್ನಿಸಿದೆ ಎಂದು ಗಂಡ ಕೇಳಿದ, ಅತ್ತೆ ಕೇಳಿದರು, ಡಾಕ್ಟರೂ ಕೇಳಿದರು. ಅವಳು ಪಾತ್ರೆಗಳನ್ನು ಎರಡೆರಡು ಸಲ ತಿಕ್ಕಿದಳು. ಒಂದು ದಿನ ಮಗಳ ಉಗುರು ಕತ್ತರಿಸುವಾಗ ಕತ್ತರಿ ನಿಂತಿತು. ಹತ್ತೂ ಉಗುರುಗಳ ಮೇಲೆ ಅಡ್ಡಕ್ಕೆ ಒಂದೊಂದು ಬಿಳಿ ಗೆರೆ, ಅಳತೆಪಟ್ಟಿ ಇಟ್ಟು ಎಳೆದಂತೆ. ತನ್ನ ಕೈ ಪಕ್ಕದಲ್ಲಿಟ್ಟು ನೋಡಿದಳು. ಅಲ್ಲೂ ಇತ್ತು.

ಅದೇ ವಾರ ಮ್ಯೂಸಿಯಂಗೆ ಹೊಸ ಅಧಿಕಾರಿಯಾಗಿ ಒಬ್ಬರು ಮೇಡಂ ಬಂದರು. ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್.

"ಹಕ್ಕಿಗೆ ನೆಗಡಿ ಹತ್ತುತ್ತೆ ಅಂತಲಾ ಮೇಡಂ?" ಎಂದು ಧೂಳಕ್ಕ ನಕ್ಕಳು.

ಮೇಡಂ ಅವಳ ಬರಿಗೈ ನೋಡಿ ನಗಲಿಲ್ಲ. ಹುಳ ಹಿಡಿಯದಿರಲಿ ಎಂದು ಹಿಂದಿನವರು ಈ ಹಕ್ಕಿಗಳ ಚರ್ಮದ ಒಳಗೆ ಪಾಷಾಣ, ಅಂದರೆ ಆರ್ಸೆನಿಕ್, ಸವರುತ್ತಿದ್ದರಂತೆ. ಹಿಟ್ಟಿನಂಥ ಬಿಳಿ ಪುಡಿ. ವಾಸನೆಯಿಲ್ಲ, ರುಚಿಯಿಲ್ಲ, ಎಷ್ಟು ವರ್ಷವಾದರೂ ಅದರ ವಿಷ ಇಳಿಯುವುದಿಲ್ಲ. ಗರಿಗೆ ಅಂಟಿ, ಧೂಳಿನ ಜೊತೆ ಏಳುತ್ತದೆ.

"ಬೋರ್ಡ್ ಹಾಕಿದಾರಲ್ಲ, ಮುಟ್ಟಬೇಡಿ ಅಂತ." ಮೇಡಂ ಗಾಜಿನತ್ತ ಬೆರಳು ಮಾಡಿದರು.

"ಅದು ಹಕ್ಕಿಗೋಸ್ಕರ ಅಲ್ವಾ?"

"ನಮಗೋಸ್ಕರ," ಎಂದರು ಮೇಡಂ. "ಉದುರಿದ ಗರಿ ಏನು ಮಾಡ್ತೀರಿ?"

"ನನ್ನ ಮಗಳು ಅದರ ಮೇಲೆ ಮಲಗ್ತಾಳೆ," ಎಂದಳು ಧೂಳಕ್ಕ.

ಮನೆಗೆ ಓಡಿ ಬಂದಾಗ ಮಧ್ಯಾಹ್ನ. ಮಗಳು ದಿಂಬಿಗೆ ಕೆನ್ನೆ ಒತ್ತಿ ನಿದ್ದೆ ಹೋಗಿದ್ದಳು. ಎಳೆದರೆ ನಿದ್ದೆಯಲ್ಲೇ ತುದಿ ಬಿಗಿಯಾಗಿ ಹಿಡಿದಳು.

"ಒಗೆದರೆ ಆಯ್ತಲ್ಲೇ," ಎಂದರು ಅತ್ತೆ.

"ಒಗೆದ ನೀರಲ್ಲಿ ಉಳಿಯುತ್ತೆ ಅತ್ತೆ."

"ಸುಟ್ಟುಬಿಡು ಹಾಗಾದ್ರೆ."

"ಸುಟ್ಟರೆ ಹೊಗೆಯಾಗಿ ನಮ್ಮ ಮೂಗಿಗೇ ಬರುತ್ತಂತೆ."

ಜನ್ಮವಿಡೀ ಒಗೆದು, ಒರೆಸಿ, ಗುಡಿಸಿದ ಕೈಗೆ ಮೊದಲ ಬಾರಿ ಏನೂ ತೋಚಲಿಲ್ಲ. ಕೊನೆಗೆ ಮೇಡಂ ಹೇಳಿದಂತೆ ದಿಂಬನ್ನು ಒಂದರೊಳಗೊಂದು ಎರಡು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹಕ್ಕಿಗಳ ಕಪಾಟಿನ ಕೆಳಗಿನ ಹಲಗೆಯಲ್ಲಿಟ್ಟು ಬೀಗ ಹಾಕಿದಳು.

ಆಸ್ಪತ್ರೆಯಲ್ಲಿ ಇಬ್ಬರ ಮೂತ್ರ ಪರೀಕ್ಷೆಯನ್ನೂ ಮಾಡಿದರು. ಉಗುರಿನ ಗೆರೆ ಪಾಷಾಣದ್ದೇ ಗುರುತು, ಉಗುರು ಬೆಳೆದಂತೆ ತುದಿಗೆ ಸರಿದು ಹೋಗುತ್ತದೆ ಎಂದರು. ಮಗು ಚಿಕ್ಕದು, ದಿಂಬು ತಪ್ಪಿತಲ್ಲ, ದೇಹವೇ ಹೊರಹಾಕುತ್ತದೆ ಎಂದರು. ಧೂಳಕ್ಕನ ಅಂಗೈಯಲ್ಲಿ ಎದ್ದಿದ್ದ ಗಟ್ಟಿ ಗಂಟುಗಳನ್ನು ಒತ್ತಿ ನೋಡಿ, ಇದು ಹದಿನಾಲ್ಕು ವರ್ಷದ ವಿಷ, ನೀವು ಮಾತ್ರ ವರ್ಷವರ್ಷ ಬಂದು ತೋರಿಸಬೇಕು ಎಂದರು.

ಈಗ ಅವಳೂ ಗ್ಲೌಸ್, ಮಾಸ್ಕ್ ಹಾಕಿಯೇ ಒರೆಸುತ್ತಾಳೆ. ಚೀಲದೊಳಗಿನ ದಿಂಬಿನಲ್ಲಿ ಪುಟ್ಟ ತಲೆಯ ಗುಳಿ ಇನ್ನೂ ಹಾಗೇ ಇದೆ. ಸುತ್ತಲಿನ ಗಾಜಿನ ಕಣ್ಣುಗಳೆಲ್ಲ ಆ ಗುಳಿಯನ್ನೇ ನೋಡುತ್ತಿರುವಂತೆ ಅವಳಿಗೆ ಕಾಣುತ್ತದೆ.

ತಿಂಗಳುಗಳು ಕಳೆದವು. ಮಗಳ ಉಗುರಿನ ಗೆರೆ ಮೇಲೇರುತ್ತಾ ತುದಿ ತಲುಪಿತು. ಕತ್ತರಿಸಿದ ಹತ್ತು ಚೂರುಗಳನ್ನು ಅವಳು ಕಾಗದದಲ್ಲಿ ಕಟ್ಟಿದಳು. ಕಸಕ್ಕೆ ಹಾಕಲು ಕೈ ಬರಲಿಲ್ಲ. ಮರುದಿನ ಒಯ್ದು ದಿಂಬಿನ ಪಕ್ಕದಲ್ಲಿಟ್ಟು ಬೀಗ ಹಾಕಿ, ಬೀಗವನ್ನು ಎರಡು ಸಲ ಜಗ್ಗಿ ನೋಡಿದಳು.