ರವೂಫನ ಒರಿಜಿನಲ್ ಸೆಟ್ಟು

ಅಬ್ದುಲ್ ರವೂಫ್ ಇನ್ನೂ ಗಟ್ಟಿಮುಟ್ಟಾಗಿದ್ದಾನೆ. ಹಾಗಾಗಿ ಅವನ ಬಗ್ಗೆ ಒಳ್ಳೆಯದನ್ನೇ ಹೇಳಬೇಕೆಂಬ ಕಟ್ಟುಪಾಡು ನನಗಿಲ್ಲ. ಪುಂಜಾಲಕಟ್ಟೆ ಪೇಟೆಯಲ್ಲಿ ನನ್ನ ಹೊಲಿಗೆ ಅಂಗಡಿಗೂ ಅವನ ವಿಡಿಯೋ ಗೇಮ್ ಅಂಗಡಿಗೂ ನಡುವೆ ಇದ್ದದ್ದು ಒಂದು ಹಲಗೆ ಗೋಡೆ ಮಾತ್ರ. ಆ ಹಲಗೆಯ ಆಚೆಯಿಂದ ವರ್ಷಗಟ್ಟಲೆ, ಬೆಳಗ್ಗಿನಿಂದ ಸಂಜೆಯವರೆಗೆ, ಒಂದೇ ರಾಗ ಕೇಳಿ ಕೇಳಿ ನನ್ನ ತಲೆ ಕೆಟ್ಟಿದೆ. ಕೊನೆಕೊನೆಗೆ ನನ್ನ ಕಾಲು ಕೂಡ ಆ ರಾಗಕ್ಕೇ ಹೊಲಿಗೆ ಮೆಷಿನ್ ತುಳಿಯುತ್ತಿತ್ತು. ಕಾಲಿಗೆ ಬುದ್ಧಿ ಇಲ್ಲ, ನನಗೆ ಬೇರೆ ದಾರಿ ಇರಲಿಲ್ಲ.

ಅವನು ಕುವೈತಿನಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುತ್ತಿದ್ದ. ತೊಂಬತ್ತರಲ್ಲಿ ಅಲ್ಲಿ ಯುದ್ಧ ಶುರುವಾಗಿ ನಮ್ಮವರೆಲ್ಲ ಉಟ್ಟ ಬಟ್ಟೆಯಲ್ಲಿ ಓಡಿ ಬಂದರು. ಕೆಲವರು ಸೊಂಟಕ್ಕೆ ಬಂಗಾರ ಕಟ್ಟಿಕೊಂಡು ಬಂದರು. ಈ ಪುಣ್ಯಾತ್ಮ ಮರಳುಗಾಡು ದಾಟುವಾಗ ಕಂಬಳಿಯಲ್ಲಿ ಸುತ್ತಿ ಹೊತ್ತು ತಂದದ್ದು ಒಂದು ಟಿವಿ ಗೇಮಿನ ಸೆಟ್ಟು, ಜೊತೆಗೆ ಅದಕ್ಕೆ ಹಾಕುವ ನಾಲ್ಕಾರು ಹಳದಿ ಕ್ಯಾಸೆಟ್ಟು. ಕುಡಿಯುವ ನೀರಿನ ಕ್ಯಾನನ್ನು ಬೇರೆಯವರ ಕೈಗೆ ಕೊಟ್ಟನಂತೆ, ಸೆಟ್ಟನ್ನು ಕೊಡಲಿಲ್ಲವಂತೆ. ಇದನ್ನು ಅವನೇ ಹೆಮ್ಮೆಯಿಂದ ಹೇಳುತ್ತಿದ್ದ. ಕೇಳಿದವರು ಭೇಷ್ ಅನ್ನುತ್ತಿದ್ದರು. ನನಗೆ ಮಾತ್ರ ಆಗಲೇ ಗೊತ್ತಾಗಿತ್ತು, ಇವನಿಗೆ ಮನುಷ್ಯರಿಗಿಂತ ಆ ಪೆಟ್ಟಿಗೆಯೇ ದೊಡ್ಡದು ಎಂದು.

ಊರಿಗೆ ಬಂದವನು ಒಂದು ಟಿವಿ, ಎರಡು ಬೆಂಚು ಹಾಕಿ ಅಂಗಡಿ ತೆರೆದ. ಬೋರ್ಡಿನಲ್ಲಿ ದೊಡ್ಡದಾಗಿ ‘ಒರಿಜಿನಲ್ ಜಪಾನ್ ಸೆಟ್’ ಎಂದು ಬರೆಸಿದ. ಆ ಒರಿಜಿನಲ್ ಎಂಬ ಶಬ್ದ ಅವನ ನಾಲಗೆಗೆ ಅಂಟಿಕೊಂಡಿತ್ತು. ಹೋಟೆಲಿನವ ಚಹಾ ಕೊಟ್ಟರೆ ಪುಡಿ ಒರಿಜಿನಲ್ಲಾ ಎಂದು ಕೇಳುತ್ತಿದ್ದ. ನಾನು ಅವನ ಅಂಗಿಗೆ ಗುಂಡಿ ಹೊಲಿದುಕೊಟ್ಟರೆ ನೂಲನ್ನು ಬೆಳಕಿಗೆ ಹಿಡಿದು ನೋಡಿ, “ಇದು ಡುಪ್ಲಿಕೇಟ್, ಸರಸಕ್ಕ” ಎಂದು ನಾಲ್ಕು ಜನರೆದುರು ಹೇಳಿದ ಮನುಷ್ಯ ಅವನು. ಅವತ್ತಿನಿಂದ ಅವನ ಗುಂಡಿ ಕಿತ್ತರೆ ಅವನೇ ಹೊಲಿದುಕೊಳ್ಳಲಿ ಎಂದು ಬಿಟ್ಟೆ.

ಆದರೆ ಆಡುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ, ಅದನ್ನು ಒಪ್ಪಲೇಬೇಕು. ವಿಮಾನದ ಒಂದು ಆಟ ಇತ್ತು, ಹಲಗೆಯ ಆಚೆಯಿಂದ ನಾನು ಕೇಳುತ್ತಿದ್ದ ರಾಗ ಅದರದ್ದೇ. ಹೊಳೆಯ ಮೇಲೆ ಹಾರುತ್ತ, ಸೇತುವೆಗಳ ಅಡಿಯಲ್ಲಿ ನುಸುಳುತ್ತ ಗುಂಡು ತಪ್ಪಿಸಿಕೊಂಡು ಹೋಗಬೇಕು. ಬಂಟ್ವಾಳ, ಬೆಳ್ತಂಗಡಿಯಿಂದೆಲ್ಲ ಜನ ಬಂದು ಅವನ ಬೆನ್ನ ಹಿಂದೆ ನಿಂತು ನೋಡುತ್ತಿದ್ದರು. ಒಂದು ವಿಮಾನವೂ ಬೀಳದ ಹಾಗೆ ಆಟ ಮುಗಿಸಿ, ಕ್ಯಾಸೆಟ್ಟನ್ನು ಮೆಲ್ಲಗೆ ಎಳೆದು, ಕಸೂತಿ ಹಾಕಿದ ಬಟ್ಟೆಯನ್ನು ಸೆಟ್ಟಿನ ಮೇಲೆ ಹೊದಿಸುತ್ತಿದ್ದ. ಆ ಜಂಬ ನೋಡಿದರೆ ಮೈ ಉರಿಯುತ್ತಿತ್ತು.

ಅವನಿಂದ ಆ ವಿದ್ಯೆ ಕಲಿತವನೆಂದರೆ ಉನೈಸ್. ಕಕ್ಕಿಂಜೆಗೆ ಮದುವೆ ಮಾಡಿಕೊಟ್ಟಿದ್ದ ರವೂಫನ ಅಕ್ಕ ಬೀಫಾತಿಮಾಳ ಒಬ್ಬನೇ ಮಗ. ಬೆಳ್ತಂಗಡಿಯಲ್ಲಿ ಕಂಪ್ಯೂಟರ್ ಕಲಿತು ಎರಡು ಸಾವಿರದ ಎರಡರಲ್ಲಿ ಇದೇ ಪುಂಜಾಲಕಟ್ಟೆಯಲ್ಲಿ, ಮಾವನ ಅಂಗಡಿಯ ಎದುರು ಸಾಲಿನಲ್ಲೇ, ಕಂಪ್ಯೂಟರ್ ಸೆಂಟರ್ ತೆರೆದ. ತೆರೆದ ದಿನ ಮಾವನನ್ನು ಕೈ ಹಿಡಿದು ಕರೆದುಕೊಂಡು ಹೋದ. ನಾನೂ ಹೋಗಿದ್ದೆ, ಸಿಹಿ ಹಂಚುತ್ತಿದ್ದರು.

“ಮಾಮ, ಇದರಲ್ಲಿ ನಿಮ್ಮ ಆಟ ಸಹ ಉಂಟು. ಎಮ್ಯುಲೇಟರ್ ಅಂತ. ಕಂಪ್ಯೂಟರೇ ನಿಮ್ಮ ಸೆಟ್ಟಿನ ಹಾಗೆ ಆಗ್ತದೆ. ಕ್ಯಾಸೆಟ್ ಬೇಡ, ಸೆಟ್ಟೂ ಬೇಡ. ನೀವೇ ಮೊದಲು ಆಡಿ,” ಎಂದ ಉನೈಸ್.

ಪ್ರೀತಿಯಿಂದಲೇ ಅಂದ ಮಾತು. ಆದರೆ ‘ಸೆಟ್ಟೂ ಬೇಡ’ ಎಂದದ್ದು ರವೂಫನಿಗೆ ಚುಚ್ಚಿತು, ಮುಖದಲ್ಲೇ ಕಂಡಿತು. ಕುಳಿತ, ಆಡಿದ, ಎರಡನೇ ಸೇತುವೆಗೆ ವಿಮಾನ ಬಡಿಯಿತು. ಮತ್ತೆ ಆಡಿದ, ಮತ್ತೆ ಬಡಿಯಿತು. ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ರವೂಫ್ ಎದ್ದು ನಿಂತ.

“ಇದು ಡುಪ್ಲಿಕೇಟ್. ಆಟವನ್ನು ಬೇಕೆಂದೇ ಜೋರು ಓಡಿಸಿ ಇಟ್ಟಿದ್ದಾನೆ. ನನ್ನ ಮಾನ ತೆಗೀಲಿಕ್ಕೆ ಮಾಡಿದ ಕೆಲಸ ಇದು. ಕಳ್ಳ!”

ಸ್ವಂತ ಅಕ್ಕನ ಮಗನನ್ನು ಅವನ ಅಂಗಡಿ ತೆರೆದ ದಿನವೇ, ಪೇಟೆಯ ಜನರೆದುರು, ಕಳ್ಳ ಎಂದ. ನಾನು ಕೈಯಲ್ಲಿದ್ದ ಸಿಹಿಯನ್ನು ತಟ್ಟೆಗೇ ವಾಪಸು ಇಟ್ಟೆ.

ಆಟ ಜೋರಾಗಿ ಓಡುತ್ತಿದ್ದದ್ದು ನಿಜ. ಅದು ನನಗೂ ತಿಳಿದಿತ್ತು. ನಿಂತಲ್ಲೇ ನನ್ನ ಕಾಲು ಅಭ್ಯಾಸಬಲದಿಂದ ರಾಗಕ್ಕೆ ತಾಳ ಹಾಕುತ್ತಿತ್ತು, ರಾಗ ನನ್ನ ಕಾಲಿಗಿಂತ ಮುಂದೆ ಮುಂದೆ ಹೋಗುತ್ತಿತ್ತು. ಮರುದಿನ ಅವನಿಗೆ ಹೇಳಿದೆ, “ರವೂಫಣ್ಣ, ಎರಡರಲ್ಲಿ ಒಂದು ತಪ್ಪು ಉಂಟು, ಸರಿ. ಆದರೆ ತಪ್ಪಿರುವುದು ಅವನದ್ದರಲ್ಲೇ ಅಂತ ಹೇಗೆ ಹೇಳ್ತೀರಿ? ನಿಮ್ಮದೇ ನಿಧಾನ ಇರಬಹುದಲ್ಲ?”

“ನಿಮ್ಮ ಕಾಲಿಗೆ ವಾತ ಸರಸಕ್ಕ, ಎಣ್ಣೆ ತಿಕ್ಕಿ,” ಎಂದ. ಅವನ ಬಾಯಿಗಿಷ್ಟು ಮಣ್ಣು ಹಾಕ.

ಮಗನನ್ನು ಬೀದಿಯಲ್ಲಿ ಕಳ್ಳ ಎಂದ ಸುದ್ದಿ ಕಕ್ಕಿಂಜೆ ಮುಟ್ಟಿತು. ಬೀಫಾತಿಮಾ ಜೋರು ಹೆಂಗಸು. ತಮ್ಮ ಆಡಿದ ಮಾತು ಹಿಂದೆ ತೆಗೆದುಕೊಳ್ಳುವವರೆಗೆ ಅವನ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ ಕಳಿಸಿದಳು. ‘ಉನೈಸ್ ನನ್ನ ಅಂಗಡಿ ಎದುರು ನಿಂತು ಅವನ ಆಟ ಡುಪ್ಲಿಕೇಟ್ ಎಂದು ಒಪ್ಪಲಿ, ಅಂದು ಅಕ್ಕನನ್ನು ಕರೆಯುತ್ತೇನೆ’ ಎಂದು ರವೂಫ್ ಹೇಳಿ ಕಳಿಸಿದ. ಆ ಹೊತ್ತಿಗೆ ರವೂಫನ ಒಬ್ಬಳೇ ಮಗಳು ಶಿಫಾನಾಳ ಮದುವೆ ಗೊತ್ತಾಗಿತ್ತು. ಅವರ ಕುಟುಂಬದಲ್ಲಿ ಒಂದು ಕ್ರಮ ಉಂಟು. ಮದುಮಗಳ ಅಂಗೈಗೆ ಮೊದಲ ಮೈಲಾಂಜಿ ಇಡುವುದು ಅಪ್ಪನ ಅಕ್ಕ. ಅವಳ ಬೆರಳಿನ ಮದರಂಗಿ ಬಿದ್ದ ಮೇಲೆಯೇ ಉಳಿದವರು ಇಡಬೇಕು.

ಶಿಫಾನಾ ಅಳತೆ ಕೊಡಲು ನನ್ನ ಅಂಗಡಿಗೆ ಬಂದಾಗ ಅವಳ ಕಣ್ಣು ಊದಿಕೊಂಡಿತ್ತು. ಬೀಫಾತಿಮಾ ಎತ್ತಿ ಆಡಿಸಿದ ಹುಡುಗಿ.

“ಮಾಮಿ ಬಾರದಿದ್ರೆ ನಾನು ಕೈ ಒಡ್ಡುವುದಿಲ್ಲ ಸರಸಕ್ಕ. ಬಾಪ್ಪನಿಗೆ ನೀವಾದ್ರೂ ಹೇಳಿ.”

“ನಿನ್ನ ಬಾಪ್ಪನಿಗೆ ಹೇಳುವುದೂ ಒಂದೇ, ಈ ಗೋಡೆಗೆ ಹೇಳುವುದೂ ಒಂದೇ,” ಎಂದೆ. ಆದರೂ ಹಲಗೆಯ ಆಚೆಗೆ ಕೇಳುವಷ್ಟು ಜೋರಾಗಿಯೇ ಹೇಳಿದೆ.

ಬಗೆಹರಿಸುವ ದಾರಿ ಕಂಡುಹಿಡಿದದ್ದು ಉನೈಸ್. ಮೂಡಬಿದಿರೆಯ ಅಶ್ವಿತ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿ ಅವನ ಸ್ನೇಹಿತ. ಅಶ್ವಿತನ ಮಾವ ಹಡಗಿನಲ್ಲಿ ಕೆಲಸಕ್ಕಿದ್ದವರು, ಅವರು ಜಪಾನಿನ ಅಂಗಡಿಯಲ್ಲೇ ಕೊಂಡ ಸೆಟ್ಟು ಅಶ್ವಿತನ ಮನೆಯಲ್ಲಿತ್ತು. ಅದಕ್ಕೆ ಬೇಕಾದ ಟ್ರಾನ್ಸ್‌ಫಾರ್ಮರು, ಎಲ್ಲ ದೇಶದ್ದನ್ನೂ ತೋರಿಸುವ ದುಬಾಯಿಯ ಟಿವಿ ಕೂಡ ಇತ್ತು. “ಅಲ್ಲಿ ನೋಡುವ. ಅದು ಯಾರ ಕಡೆ ಹೇಳ್ತದೋ ಅವರು ಗೆದ್ದ ಹಾಗೆ,” ಎಂದ. ರವೂಫ್ ಕುಣಿದುಕೊಂಡು ಒಪ್ಪಿದ. ಸಾಕ್ಷಿಗೆ ನನ್ನನ್ನು ಕರೆದರು. ನಾನು ಯಾರಿಗೂ ದಾಕ್ಷಿಣ್ಯ ಮಾಡುವವಳಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆದಿತ್ಯವಾರ ಮೂಡಬಿದಿರೆಗೆ ಹೋದೆವು. ದಾರಿಯುದ್ದಕ್ಕೂ ರವೂಫ್ ತನ್ನ ಸೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ, ಉನೈಸನ ಕಡೆ ತಿರುಗಿಯೂ ನೋಡಲಿಲ್ಲ. ಅಶ್ವಿತನ ಮನೆಯಲ್ಲಿ ತಾನು ತಂದ ಹಳದಿ ಕ್ಯಾಸೆಟ್ಟನ್ನೇ ಜಪಾನಿನ ಸೆಟ್ಟಿಗೆ ಹಾಕಿಸಿದ. ರಾಗ ಶುರುವಾಯಿತು. ನನ್ನ ಕಾಲು ಮೇಲೆದ್ದು ಅಲ್ಲೇ ನಿಂತಿತು. ಉನೈಸನ ಕಂಪ್ಯೂಟರಿನಲ್ಲಿ ಕೇಳಿದ ಅದೇ ಓಟ.

ಎರಡನೇ ಸೇತುವೆಗೆ ವಿಮಾನ ಬಡಿಯಿತು. ರವೂಫ್ ಇನ್ನೊಮ್ಮೆ ಆಡಿದ. ಮತ್ತೊಮ್ಮೆ ಆಡಿದ. ಯಾರೂ ನಗಲಿಲ್ಲ, ನಾನೂ ನಗಲಿಲ್ಲ.

ಅಶ್ವಿತ್ ಮೆಲ್ಲಗೆ ವಿವರಿಸಿದ. “ಜಪಾನಿನ ಟಿವಿ ಸೆಕೆಂಡಿಗೆ ಅರುವತ್ತು ಸಲ ಚಿತ್ರ ಬಿಡಿಸ್ತದೆ ಅಂಕಲ್, ನಮ್ಮದು, ಕುವೈತಿನದು ಐವತ್ತು. ಆಟ ಆ ಚಿತ್ರಗಳ ಲೆಕ್ಕದಲ್ಲೇ ಮುಂದೆ ಹೋಗ್ತದೆ. ಹಾಗಾಗಿ ನಮ್ಮ ಟಿವಿಗೆ ಅಂತ ಮಾಡಿದ ಸೆಟ್ಟಿನಲ್ಲಿ ನಿಧಾನ ಆಗ್ತದೆ. ಉನೈಸ್ ಏನೂ ಓಡಿಸಲಿಲ್ಲ, ಜಪಾನಿನವರು ಮಾಡಿದ ವೇಗವೇ ಅದು.” ಆಮೇಲೆ ರವೂಫನ ಸೆಟ್ಟನ್ನು ಮಗುಚಿ ನೋಡಿ, ಹೇಳಲೋ ಬೇಡವೋ ಎಂದು ಸ್ವಲ್ಪ ತಡವರಿಸಿದ. “ಮತ್ತೆ ಇದು... ಇದು ಜಪಾನಿನದ್ದಲ್ಲ. ಜಪಾನಿನದ್ದನ್ನು ನೋಡಿ ಬೇರೆ ಯಾರೋ ಹಾಗೆಯೇ ಮಾಡಿದ್ದು.”

ಮರಳುಗಾಡು ದಾಟಿಸಿ, ನೀರಿನ ಕ್ಯಾನು ಬಿಟ್ಟು ಹೊತ್ತು ತಂದದ್ದೇ ಡುಪ್ಲಿಕೇಟ್. ಎಷ್ಟು ವರ್ಷ ನನ್ನ ನೂಲಿಗೆ ಹೆಸರಿಟ್ಟವನು! ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಅವನು ಆ ಕಸೂತಿ ಬಟ್ಟೆಯನ್ನು ಸೆಟ್ಟಿಗೆ ಸುತ್ತಲು ಹೋಗಿ ಗಂಟು ಹಾಕಲಾಗದೆ ಕುಳಿತಿದ್ದ. ಕೊನೆಗೆ ಉನೈಸನೇ ಕಟ್ಟಿಕೊಟ್ಟ.

ಮುಂದಿನ ಶುಕ್ರವಾರ ಜುಮಾ ಮುಗಿಸಿ ಜನ ಪೇಟೆಗೆ ಬರುವ ಹೊತ್ತಿನಲ್ಲಿ ಉನೈಸ್ ರಸ್ತೆ ದಾಟಿ ಮಾವನ ಅಂಗಡಿ ಎದುರು ಬಂದು ನಿಂತ. ನಾನು ಮೆಷಿನ್ ನಿಲ್ಲಿಸಿದೆ.

“ಮಾಮ, ನೀವು ಹೇಳಿದ್ದೇ ಸರಿ. ನನ್ನದೇ ಡುಪ್ಲಿಕೇಟ್. ನಾನೇ ಓಡಿಸಿ ಇಟ್ಟದ್ದು.” ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಆಮೇಲೆ ಸ್ವರ ತಗ್ಗಿಸಿದ. “ಉಮ್ಮನನ್ನು ಮದುವೆಗೆ ಕರೆಯಿರಿ.”

ಮಾಡದ ತಪ್ಪನ್ನು ಪೇಟೆಯೆದುರು ತಲೆಗೆ ಹೊತ್ತುಕೊಂಡ ಹುಡುಗ! ರವೂಫನಿಗೆ ಸತ್ಯ ಗೊತ್ತು, ನನಗೆ ಗೊತ್ತು, ಬೇರೆ ಯಾರಿಗೂ ಗೊತ್ತಾಗುವ ಅಗತ್ಯ ಇರಲಿಲ್ಲ. ಹೂಂ ಎಂದರೆ ಮುಗಿಯುತ್ತಿತ್ತು. ಅವನ ಬೋರ್ಡು ಉಳಿಯುತ್ತಿತ್ತು, ಅಕ್ಕ ಬರುತ್ತಿದ್ದಳು, ಮಗಳು ಕೈ ಒಡ್ಡುತ್ತಿದ್ದಳು. ಆ ಮನುಷ್ಯ ಉನೈಸನನ್ನು ಮೇಲಿಂದ ಕೆಳಗೆ ನೋಡಿದ.

“ಈ ಮಾತು ಒರಿಜಿನಲ್ಲಾ?”

ಉನೈಸ್ ತಲೆ ತಗ್ಗಿಸಿದ.

“ಡುಪ್ಲಿಕೇಟ್ ಮಾತು ಕೇಳಿ ನಾನು ಯಾರನ್ನೂ ಕರೆಯುವುದಿಲ್ಲ. ಹೋಗು.”

ನನಗೆ ತಡೆಯಲಾಗಲಿಲ್ಲ. ಕತ್ತರಿ ಹಿಡಿದುಕೊಂಡೇ ಹೊರಗೆ ಬಂದೆ. “ಥೂ, ನಿಮ್ಮ ಜನ್ಮಕ್ಕಿಷ್ಟು! ಹುಡುಗ ನಿಮ್ಮ ಮಾನ ಉಳಿಸ್ಲಿಕ್ಕೆ ಸುಳ್ಳು ಹೇಳಿದ್ದು. ಅಷ್ಟು ಒರಿಜಿನಲ್ ಬೇಕಾದ್ರೆ ನೀವೇ ಹೇಳಿ, ನನ್ನದೇ ತಪ್ಪು ಅಂತ. ಈಗಲೇ ಹೇಳಿ, ಇವರೆಲ್ಲರ ಎದುರು.”

ಅವನ ಬಾಯಿ ತೆರೆಯಿತು. ಒಂದು ಗಳಿಗೆ ಹೇಳಿಯೇ ಬಿಡುತ್ತಾನೆ ಎಂದುಕೊಂಡೆ. “ನೀವು ನಿಮ್ಮ ಮೆಷಿನ್ ತುಳಿಯಿರಿ ಸರಸಕ್ಕ,” ಎಂದು ಒಳಗೆ ಹೋದ. ಸುಳ್ಳು ಕ್ಷಮೆಯನ್ನು ತೆಗೆದುಕೊಳ್ಳದಷ್ಟು ನಿಯತ್ತು ಅವನಿಗಿತ್ತು, ನಿಜದ ಕ್ಷಮೆ ಕೇಳುವಷ್ಟು ಇರಲಿಲ್ಲ. ಇಂಥ ಅರ್ಧ ನಿಯತ್ತಿನವರಿಂದಲೇ ಮನೆ ಹಾಳಾಗುವುದು. ಪೂರ್ತಿ ಸುಳ್ಳರ ಜೊತೆ ಹೇಗಾದರೂ ಬದುಕಬಹುದು.

ಮದುವೆ ವಾಮದಪದವಿನ ಅವರ ಮನೆಯಲ್ಲಿ ನಡೆಯಿತು. ನಾನು ಶಿಫಾನಾಳಿಗಾಗಿ ಹೋದೆ, ಅವನಿಗಾಗಿ ಅಲ್ಲ. ಹಿಂದಿನ ದಿನ ಹೆಂಗಸರು ಮೈಲಾಂಜಿ ಅರೆದು ಬಟ್ಟಲಿನಲ್ಲಿ ಇಟ್ಟುಕೊಂಡು ಕಾದರಂತೆ. ಹುಡುಗಿ ಕೈಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಕುಳಿತಳಂತೆ. ಬಟ್ಟಲಿನಲ್ಲಿದ್ದದ್ದು ಒಣಗಿ ಬಿರುಕು ಬಿಟ್ಟಿತಂತೆ. ನಾನು ಹೊಲಿದ ಜರಿಯಂಚಿನ ತೋಳುಗಳ ಕೆಳಗೆ ಅವಳ ಅಂಗೈಗಳು ಬೋಳಾಗಿ ಕಾಣುತ್ತಿದ್ದವು. ಬಂದವರೆಲ್ಲ ಮೊದಲು ನೋಡಿದ್ದು ಅವನ್ನೇ.

ಹೆಂಗಸರ ಕಡೆಯ ಬಾಗಿಲಿಗೆ ರವೂಫ್ ಶರಬತ್ತಿನ ಪಾತ್ರೆ ತಂದು ಕೊಡುವಾಗ ಗಂಡಿನ ಕಡೆಯ ಅಜ್ಜಿ ನಫೀಸಮ್ಮ ಅವನನ್ನು ನಿಲ್ಲಿಸಿದರು. “ಇದೇನು ಮೋನೇ, ಮದುಮಗಳ ಕೈ ಖಾಲಿ? ಮನೆಯಲ್ಲಿ ಯಾರೂ ಇಲ್ಲವಾ ಮೈಲಾಂಜಿ ಇಡ್ಲಿಕ್ಕೆ?”

ನಾನು ಪಕ್ಕದಲ್ಲೇ ಇದ್ದೆ. ಶಿಫಾನಾ ತಲೆ ಎತ್ತಿ ಬಾಪ್ಪನನ್ನು ನೋಡಿದಳು. ‘ಅಕ್ಕ ಇದ್ದಾಳೆ, ನಾನು ಕರೆಯಲಿಲ್ಲ.’ ಅವನು ಇಷ್ಟು ಹೇಳಿದ್ದರೆ ಸಾಕಿತ್ತು. ಕಕ್ಕಿಂಜೆಗೆ ಆಗಲೂ ಜೀಪು ಕಳಿಸಬಹುದಿತ್ತು, ಹೊತ್ತು ಮೀರಿರಲಿಲ್ಲ.

ರವೂಫ್ ಪಾತ್ರೆಯನ್ನು ಕೆಳಗಿಟ್ಟ. “ಅವಳಿಗೆ ಅಲರ್ಜಿ ಉಮ್ಮ,” ಎಂದ. “ಚಿಕ್ಕಂದಿನಿಂದಲೂ ಮೈಲಾಂಜಿ ಆಗುವುದಿಲ್ಲ.”

ಅಜ್ಜಿ ಪಾಪ ಎಂದರು. ಶಿಫಾನಾ ಎರಡೂ ಕೈಗಳನ್ನು ಶಾಲಿನ ಒಳಗೆ ಎಳೆದುಕೊಂಡಳು. ಡುಪ್ಲಿಕೇಟ್ ಎಂದು ಪೇಟೆಯನ್ನೇ ಜರೆದವನು ಸ್ವಂತ ಮಗಳ ಎದುರು ಅಷ್ಟು ಸಲೀಸಾಗಿ ಸುಳ್ಳು ಹೇಳಿ, ಖಾಲಿ ಲೋಟಗಳನ್ನು ಎತ್ತಿಕೊಂಡು ಹೋದ. ನಾನು ಊಟ ಮಾಡದೆ ಬಂದೆ.