ನೀನು ಜಾರಲಿಲ್ಲ, ದಸ್ತಗೀರ್

ದಸ್ತಗೀರ್, ಆ ಭಾನುವಾರ ಕೆರೆಯಲ್ಲಿ, ಐದನೆಯ ಸೋರೆಬುರುಡೆಯ ಹತ್ತಿರ, ನಿನ್ನ ಕಾಲು ಜಾರಲಿಲ್ಲ. ನನ್ನ ದೋಣಿಯ ಎಂಜಿನ್ನು ಮುಗ್ಗರಿಸಿತು. ಅದು ನನಗೆ ಆಗಲೇ ಗೊತ್ತಿತ್ತು. ನೀನು ನೀರಿನಿಂದ ತಲೆಯೆತ್ತಿ ಕೇಳಿದೆ, ತೀರ್ಪುಗಾರರೂ ಕೇಳಿದರು. ಇಬ್ಬರಿಗೂ ಸುಳ್ಳು ಹೇಳಿದೆ.

ಬರೆದುಬಿಟ್ಟೆ. ಇಷ್ಟು ಬರೆಯಲು ನನಗೆ ಅರ್ಧ ಆಯುಷ್ಯ ಬೇಕಾಯಿತು — ಈಗ ನೋಡಿದರೆ ನಾಲ್ಕು ಸಾಲು. ಉಳಿದದ್ದರಲ್ಲಿ ಬಹಳಷ್ಟು ನಿನಗೆ ಗೊತ್ತಿರುವುದೇ. ಆದರೂ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನೀನು ನೀರಿನ ಮೇಲೆ ನಿಂತು ಕಂಡದ್ದು ಒಂದು, ನಾನು ದೋಣಿಯಲ್ಲಿ ಕೂತು ಕಂಡದ್ದು ಇನ್ನೊಂದು. ನನ್ನ ಪಾಲಿನದನ್ನು ಯಾರಿಗೂ ಹೇಳಿಲ್ಲ.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ಮಂಚೇನಹಳ್ಳಿ ಕಡೆಯ ಜಮೀನುದಾರರ ಮನೆಯ ಮೇಜರ್ ಸಾಹೇಬರು ಸೈನ್ಯದಿಂದ ನಿವೃತ್ತರಾಗಿ ಬಂದವರು, ಬೆಂಗಳೂರು ಬಿಟ್ಟು ಹೊರಟಿದ್ದ ಯಾರೋ ಇಂಗ್ಲಿಷ್ ದೊರೆಯಿಂದ ಮೋಟಾರು ದೋಣಿಯೊಂದನ್ನು ಕೊಂಡು ಲಾರಿಯ ಮೇಲೆ ಹೇರಿಸಿಕೊಂಡು ಬಂದರಲ್ಲ. ಚಿಕ್ಕಬಳ್ಳಾಪುರದಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದ ನನ್ನನ್ನು ಕರೆಸಿ, "ಇದನ್ನ ಓಡಿಸ್ತೀಯೇನಯ್ಯ ಕೃಷ್ಣಪ್ಪ?" ಎಂದರು. ಬಾವಿಯಿಂದ ನೀರೆತ್ತುವ ಎಂಜಿನ್ನಿಗೂ ನೀರಿನ ಮೇಲೆ ಓಡುವ ಎಂಜಿನ್ನಿಗೂ ಏನು ಮಹಾ ವ್ಯತ್ಯಾಸ ಎಂದುಕೊಂಡು ಒಪ್ಪಿದೆ. ನನಗೆ ಆಗಿನಿಂದಲೂ ಜಂಬ ಸ್ವಲ್ಪ ಜಾಸ್ತಿ. ಆ ವರ್ಷ ಶಿಡ್ಲಘಟ್ಟದ ದಾರಿಯ ಕೆರೆ ಕೋಡಿ ಹರಿದಿತ್ತು. ದೋಣಿ ಇಳಿಸಿದ ದಿನ ಊರಿಗೆ ಊರೇ ಏರಿಯ ಮೇಲೆ ನಿಂತಿತ್ತು. ಸಾಹೇಬರು ಎರಡು ಕಾಲಿಗೂ ಹಲಗೆ ಕಟ್ಟಿಕೊಂಡು, ದೋಣಿಯ ಹಿಂದೆ ಹಗ್ಗ ಹಿಡಿದು ನಾಲ್ಕು ಮಾರು ಹೋಗಿ ಮಗುಚಿಕೊಂಡರು. ಜನ ನಕ್ಕರು. ನೀನು ನಗಲಿಲ್ಲ. ಹಗ್ಗದ ತುದಿಯನ್ನು ಬೆರಳಲ್ಲಿ ತಿರುವಿ ನೋಡಿ, "ಈ ಹಗ್ಗ ಸರಿ ಇಲ್ಲ ಸಾರ್, ನಾನು ಹೊಸೆದು ಕೊಡ್ತೀನಿ" ಎಂದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ಹುರಿ ಮಾಡುವ ಮನೆಯವನು ನೀನು. ನಿನ್ನ ಕಣ್ಣು ಹಗ್ಗದ ಮೇಲೇ ಹೋಗಿತ್ತು.

ಆವತ್ತು ನಾವಿಬ್ಬರೂ ಮೊದಲ ಸಲ ಮಾತಾಡಿದ್ದು.

ಹಗ್ಗ ತಂದುಕೊಟ್ಟವನು ನೀನೇ ಹಗ್ಗ ಹಿಡಿದೂ ನೋಡಿದೆ. ಆರು ತಿಂಗಳೊಳಗೆ ಎರಡು ಹಲಗೆ ಬಿಟ್ಟು ಒಂದೇ ಹಲಗೆಗೆ ಬಂದೆ — ಎಡಗಾಲು ಮುಂದೆ, ಬಲಗಾಲು ಅದರ ಹಿಂದೆ. ದೊರೆಯ ಹಲಗೆ ನಿನಗೆ ದೊಡ್ಡದಾಯಿತು. ನಮ್ಮ ಬಡಗಿ ತೇಗದಲ್ಲಿ ಹೊಸದು ಕೆತ್ತಿದ. ಅದರ ಮೂತಿ ಮೇಲಕ್ಕೆ ಬಗ್ಗಬೇಕಲ್ಲ, ನೀನು ಅದನ್ನು ಪಕ್ಕದ ಮನೆಯವರು ರೇಷ್ಮೆಗೂಡು ಬೇಯಿಸುವ ಹಂಡೆಯ ಹಬೆಗೆ ಹಿಡಿದೆ. ತಿಂಗಳುಗಟ್ಟಲೆ ಹಲಗೆ ಬೆಂದ ಗೂಡಿನ ವಾಸನೆ ಹೊಡೆಯುತ್ತಿತ್ತು. ಕಾಲು ತೂರಿಸಲು ಲಾರಿ ಟ್ಯೂಬಿನ ರಬ್ಬರು, ನೀರು ಸೀಳಲು ಕೆಳಗಡೆ ಹಿತ್ತಾಳೆಯ ಸಣ್ಣ ರೆಕ್ಕೆ. ನನ್ನ ಪಾಲಿನ ಕೆಲಸ ದೋಣಿಯದು. ಹಗ್ಗವನ್ನು ಹಿಂಬದಿಗೆ ಕಟ್ಟಿದರೆ ನೀನು ಪಕ್ಕಕ್ಕೆ ಎಳೆದಾಗಲೆಲ್ಲ ದೋಣಿಯ ಬಾಲವೇ ತಿರುಗುತ್ತಿತ್ತು. ಹಾಗಾಗಿ ಪಂಪಿನ ಕಬ್ಬಿಣದ ಕೊಳವೆಯೊಂದನ್ನು ದೋಣಿಯ ನಟ್ಟನಡುವೆ ಕಂಬದಂತೆ ನಿಲ್ಲಿಸಿ ಅದಕ್ಕೆ ಕಟ್ಟಿದೆ. ಮುಂಭಾಗ ಮೇಲೇಳದಿರಲಿ ಎಂದು ಅಲ್ಲಿ ಎರಡು ಮರಳಿನ ಚೀಲ ಇಟ್ಟೆ. ಸಾಹೇಬರು ಇಂಗ್ಲಿಷ್ ಪುಸ್ತಕ ನೋಡಿ ಹೇಳಿದ್ದನ್ನು ನಾವಿಬ್ಬರೂ ಬೈದಾಡಿಕೊಂಡು ಮಾಡಿದೆವು.

ಕೆರೆಯಲ್ಲಿ ಕೆಂಪು ಬಣ್ಣ ಬಳಿದ ಆರು ಸೋರೆಬುರುಡೆ — ಈಜು ಕಲಿಯುವಾಗ ಸೊಂಟಕ್ಕೆ ಕಟ್ಟಿಕೊಳ್ಳುವಂಥವೇ — ಕಲ್ಲು ಕಟ್ಟಿ ಬಿಟ್ಟಿದ್ದೆವು. ಎಡಕ್ಕೊಂದು, ಬಲಕ್ಕೊಂದು, ಹೀಗೆ ಆರು. ದೋಣಿ ನಡುವೆ ನೇರವಾಗಿ ಹೋಗಬೇಕು. ನೀನು ಹಗ್ಗ ಹಿಡಿದು ಈ ಪಕ್ಕ ಆ ಪಕ್ಕ ಹಾಯುತ್ತ ಪ್ರತಿ ಬುರುಡೆಯನ್ನೂ ಹೊರಗಡೆಯಿಂದ ಸುತ್ತಿಕೊಂಡು ಬರಬೇಕು. ಆರೂ ದಾಟಿದರೆ ಹಗ್ಗ ಮೊಟಕು ಮಾಡಿ ಮತ್ತೊಂದು ಓಟ. ಹಗ್ಗ ಮೊಟಕಾದಷ್ಟೂ ಬುರುಡೆ ದೂರ. ನನಗಿದ್ದದ್ದು ಒಂದೇ ಜವಾಬ್ದಾರಿ — ವೇಗ ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಆಗಬಾರದು. ನೀನು ಮೈಯನ್ನೆಲ್ಲ ಹಗ್ಗಕ್ಕೆ ಒಪ್ಪಿಸಿ ವಾಲಿರುವಾಗ ದೋಣಿ ಒಂದು ಕ್ಷಣ ತಡವರಿಸಿದರೂ ಹಗ್ಗ ಸಡಿಲವಾಗುತ್ತದೆ, ನೀನು ನೀರಿಗೆ ಬೀಳುತ್ತೀಯೆ.

ಓಡಿಸುವವನು ಹಿಂತಿರುಗಿ ನೋಡುವಂತಿಲ್ಲ. ಅದಕ್ಕೇ ಕ್ಷೌರದ ಅಂಗಡಿಯಿಂದ ಅಂಗೈ ಅಗಲದ ಕನ್ನಡಿ ತಂದು ದೋಣಿ ತಿರುಗಿಸುವ ಚಕ್ರದ ಪಕ್ಕ ಸಿಕ್ಕಿಸಿಕೊಂಡಿದ್ದೆ. ಏರಿಯ ಮೇಲಿದ್ದವರೆಲ್ಲ ನಿನ್ನನ್ನು ಕಣ್ತುಂಬ ನೋಡಿದರು. ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು ಸೀರೆ ಕಲ್ಲಿನ ಮೇಲೇ ಬಿಟ್ಟು, "ಅಯ್ಯೋ ಸಾಮೀ, ನೀಳ್ಳ ಮೀದ ಪೋತಾಂಡಾಡೇ!" ಎಂದು ಕೂಗಿದ್ದಳು — ನೀರಿನ ಮೇಲೇ ಹೋಗ್ತಿದಾನಲ್ಲ ಎಂದು. ನಾನು ಮಾತ್ರ ನಿನ್ನನ್ನು ತುಣುಕು ತುಣುಕಾಗಿ ಕಂಡವನು. ಒಂದು ಸಲ ಭುಜ, ಒಂದು ಸಲ ಚಿಮ್ಮಿದ ನೀರು, ಆಮೇಲೆ ಖಾಲಿ ಕನ್ನಡಿ, ಮತ್ತೆ ಇನ್ನೊಂದು ಅಂಚಿನಿಂದ ನೀನು. ಆ ಖಾಲಿ ಕನ್ನಡಿಯ ಹೊತ್ತಿನಲ್ಲಿ ನಾನು ಉಸಿರು ಬಿಡುತ್ತಿರಲಿಲ್ಲ. ಎರಡು ವರ್ಷ, ಭಾನುವಾರ ಬಂತೆಂದರೆ ನನಗೆ ಬೇರೆ ಏನೂ ಬೇಕಿರಲಿಲ್ಲ. ಮನೆಯಲ್ಲಿ ಹೆಣ್ಣು ನೋಡಲು ಹೋಗೋಣ ಎಂದರೆ ಕೆರೆಯಲ್ಲಿ ನೀರಿರುವವರೆಗೆ ಆಗುವುದಿಲ್ಲ ಎನ್ನುತ್ತಿದ್ದೆ.

ಆಮೇಲೆ ಈ ಆಟದ ಸ್ಪರ್ಧೆ ನಡೆಸುವ ಬೆಂಗಳೂರಿನವರು ಬಂದರು. ನಮ್ಮ ಕೆರೆಯಲ್ಲೇ ಒಂದು ಸ್ಪರ್ಧೆ. ಗೆದ್ದವನನ್ನು ಮದರಾಸಿನ ದೊಡ್ಡ ಸ್ಪರ್ಧೆಗೆ ಕಳಿಸುವುದು, ಚೆನ್ನಾಗಿ ಆಡಿದರೆ ಅಲ್ಲೇ ದೋಣಿಗಳ ಷೆಡ್ಡಿನಲ್ಲಿ ಕೆಲಸ. ಸುದ್ದಿ ಕೇಳಿದ ದಿನ ನೀನು ಸೈಕಲ್ ತುಳಿದುಕೊಂಡು ನನ್ನ ಅಂಗಡಿಗೇ ಬಂದೆ.

"ಗೆದ್ರೆ ಮದರಾಸು ಕಣೋ ಕಿಟ್ಟಪ್ಪ! ಸಮುದ್ರ ನೋಡ್ತೀನಿ!"

"ಮತ್ತೆ ವಾಪಸ್ ಬರ್ತೀಯೋ ಇಲ್ವೋ?"

"ಯಾಕಪ್ಪ ಬರ್ಲಿ? ಹುರಿ ತಿರುಗ್ಸಿ ತಿರುಗ್ಸಿ ಸಾಯಕ್ಕಾ?"

ನಗುತ್ತಲೇ ಹೇಳಿದೆ. ನಾನೂ ನಕ್ಕೆ. ಆದರೆ "ನೀನೂ ಬಾರೋ" ಎಂಬ ಒಂದು ಮಾತು — ಬಾಯುಪಚಾರಕ್ಕಾದರೂ — ನೀನು ಅನ್ನಲಿಲ್ಲ. ಅದು ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಕಂಬ ನಿಲ್ಲಿಸಿದವನು ನಾನು, ವೇಗ ಹಿಡಿದವನು ನಾನು, ಇವನು ಒಬ್ಬನೇ ಹೊರಟನಲ್ಲ... ಎಷ್ಟು ಸಣ್ಣ ಬುದ್ಧಿ ನೋಡು.

ಸ್ಪರ್ಧೆಯ ಬೆಳಿಗ್ಗೆ ಪೆಟ್ರೋಲಿನ ಕೊನೆಯ ಡಬ್ಬವನ್ನು ನಾನು ಕಸ ಹೋಗುವಂತೆ ಬಟ್ಟೆಯಲ್ಲಿ ಸೋಸದೆ ಸುರಿದೆ. ಮರೆತು ಸುರಿದದ್ದು. ಬೇಕೆಂದು ಮಾಡಲಿಲ್ಲ, ಮಾಡಿದ್ದರೆ ಇಲ್ಲಿ ಅದನ್ನೇ ಬರೆಯುತ್ತಿದ್ದೆ. ಆಟಗಾರರನ್ನೆಲ್ಲ ನಿಲ್ಲಿಸಿ ತೀರ್ಪುಗಾರರು ನಿಯಮ ಹೇಳಿದರು. ದೋಣಿಯ ವೇಗ ತಪ್ಪಿ ಆಟಗಾರ ಬಿದ್ದರೆ ಅದು ಅವನ ಸೋಲಲ್ಲ, ಅವನಿಗೆ ಇನ್ನೊಂದು ಓಟ ಸಿಗುತ್ತದೆ. ನಾನು ಚಕ್ರದ ಹಿಂದೆ ಕೂತು ಅದನ್ನು ಚೆನ್ನಾಗಿಯೇ ಕೇಳಿಸಿಕೊಂಡೆ.

ಎರಡು ಸಲ ಹಗ್ಗ ಮೊಟಕಾದ ಮೇಲೆ ಉಳಿದವರು ನೀನು ಮತ್ತು ಬೆಂಗಳೂರಿನ ಒಬ್ಬ. ಅವನು ಐದು ಬುರುಡೆ ದಾಟಿ ಬಿದ್ದ. ನೀನು ಆರೂ ದಾಟಿದರೆ ಗೆದ್ದಂತೆ. ಹೊರಟೆವು. ಒಂದು, ಎರಡು, ಮೂರು — ಅಂಥ ಓಟವನ್ನು ನೀನು ಅದುವರೆಗೆ ಓಡಿರಲಿಲ್ಲ, ದಸ್ತಗೀರ್. ನಾಲ್ಕನೆಯದನ್ನು ಸುತ್ತುವಾಗ ನೀನು ಮೊಣಕೈ ನೀರಿಗೆ ತಾಗುವಷ್ಟು ವಾಲಿದ್ದೆ. ಐದನೆಯದರತ್ತ ಎಳೆಯುತ್ತಿದ್ದೀಯೆ, ಆಗ ನನ್ನ ಅಂಗೈಯಡಿ ಎಂಜಿನ್ನು ಒಮ್ಮೆ ಬಿಕ್ಕಿತು. ಒಂದೇ ಬಿಕ್ಕು. ಮರುಕ್ಷಣ ಮತ್ತೆ ಎಂದಿನ ದನಿಯಲ್ಲಿ ಓಡಿತು. ಕನ್ನಡಿಯಲ್ಲಿ ನೀನಿರಲಿಲ್ಲ.

ದೋಣಿ ತಿರುಗಿಸಿಕೊಂಡು ಬಂದೆ. ನೀನು ನೀರು ಉಗುಳುತ್ತ ತಲೆಯೆತ್ತಿದೆ.

"ಕಿಟ್ಟಪ್ಪಾ, ವೇಗ ಇಳೀತೇನೋ?"

"ಇಲ್ಲ ಕಣೋ. ನಿನ್ನ ಎಡಗಾಲು ಜಾರ್ತು."

ದೋಣಿಯಲ್ಲಿ ಹಿಂದಕ್ಕೆ ಮುಖ ಮಾಡಿ ಕೂತಿದ್ದ ತೀರ್ಪುಗಾರರಿಗೂ ಏನೋ ಅನುಮಾನ. ವೇಗದ ಮುಳ್ಳು ಮೊದಲಿನಿಂದಲೂ ನಡುಗುವಂಥದ್ದು, ಅದನ್ನು ನೋಡಿ ಏನೂ ಹೇಳುವಂತಿರಲಿಲ್ಲ. "ಡ್ರೈವರ್, ಸ್ಪೀಡು ಸರಿಯಾಗಿತ್ತಾ?" ಎಂದು ನನ್ನನ್ನೇ ಕೇಳಿದರು. "ಸರಿಯಾಗಿತ್ತು ಸಾರ್" ಎಂದೆ. ಅವರು ಕಾಗದದಲ್ಲಿ ಬರೆದುಕೊಂಡರು.

ನೀನು ಜಗಳವಾಡಬೇಕಿತ್ತು. ನನ್ನನ್ನು ಬೈಯಬೇಕಿತ್ತು. ನೀನು ಮಾಡಿದ್ದೇನು? ನೀರಿನೊಳಗೆ ಬಗ್ಗಿ ನಿನ್ನ ಕಾಲನ್ನು ನೋಡಿಕೊಂಡೆ. "ಹಂಗಾದ್ರೆ ಕಾಲೇ ಇರ್ಬೇಕು ಬಿಡು" ಎಂದೆ. ನನ್ನ ಮಾತನ್ನು ನೀನು ಅಷ್ಟು ಬೇಗ ನಂಬಿಬಿಟ್ಟೆಯಲ್ಲ.

ಯಾಕೆ ಆ ಸುಳ್ಳು ಹೇಳಿದೆ? ಎಂಜಿನ್ನಿನ ಮೇಲೆ ಯಾರೂ ಬೆರಳು ತೋರಿಸಬಾರದು ಎಂಬ ಜಂಬಕ್ಕೆ ಹೇಳಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಡಬ್ಬ ಸೋಸದ ತಪ್ಪು ಬಯಲಾಗುತ್ತದೆ ಎಂಬ ಭಯವೂ ಇದ್ದಿರಬಹುದು. ಆದರೆ ಅದಲ್ಲ. ಎಂಜಿನ್ನು ಬಿಕ್ಕಿದಾಗ ನನ್ನ ಎದೆಯಲ್ಲಿ ಮೊದಲು ಎದ್ದದ್ದು — ಬರೆಯಲು ಕೈ ಬರುತ್ತಿಲ್ಲ — ಸಂತೋಷ. ಇವನು ಹೋಗುವುದಿಲ್ಲ ಎಂಬ ಸಂತೋಷ. ಮುಂದಿನ ಭಾನುವಾರವೂ ಈ ಕನ್ನಡಿಯಲ್ಲಿ ಇವನಿರುತ್ತಾನೆ, ಅದರ ಮುಂದಿನ ಭಾನುವಾರವೂ... ನೀನಿಲ್ಲದ ಕೆರೆಯನ್ನು ನನ್ನಿಂದ ನೆನೆಯಲಾಗಲಿಲ್ಲ. ಅಷ್ಟೇ ನಿಜ. ನಿನ್ನನ್ನು ಅಷ್ಟು ಹಚ್ಚಿಕೊಂಡಿದ್ದೆ.

ಮುಂದಿನ ಭಾನುವಾರ ನೀನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಕಾಲು ನಂಬುವಂತಿಲ್ಲ ಎಂದು ಹೇಳಿಕಳಿಸಿದೆ. ಮರುವರ್ಷ ಕೆರೆ ತುಂಬಲಿಲ್ಲ. ಸಾಹೇಬರು ದೋಣಿ ಮಾರಿದರು. ನೀನು ಶಿಡ್ಲಘಟ್ಟದಲ್ಲೇ ಉಳಿದೆ, ನಾನು ಬಯಸಿದ ಹಾಗೆಯೇ. ವಾರಕ್ಕೊಮ್ಮೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಎದುರುಬದುರು ಕೂತು ಚಹಾ ಕುಡಿದೆವು, ಒಬ್ಬರ ಮದುವೆಯಲ್ಲಿ ಒಬ್ಬರು ಓಡಾಡಿದೆವು. ಆದರೆ ನಾನು ಉಳಿಸಿಕೊಳ್ಳಬೇಕೆಂದಿದ್ದವನು ನೀರಿನ ಮೇಲಿದ್ದ ದಸ್ತಗೀರ್. ಅವನನ್ನು ಆಮೇಲೆ ನಾನು ಕಾಣಲಿಲ್ಲ. ಈಗಲೂ ಯಾವುದಾದರೂ ಕೆರೆ ತುಂಬಿದೆ ಎಂದರೆ ಬಸ್ಸು ಇಳಿದು ಏರಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಇನ್ನೊಂದಿದೆ. ಮೇಜರ್ ಸಾಹೇಬರು ತೀರಿಕೊಳ್ಳುವ ಮೊದಲು ಗೌರಿಬಿದನೂರಿನಲ್ಲಿ ಮಗನ ಮನೆಯಲ್ಲಿದ್ದರು, ನೋಡಿ ಬರಲು ಹೋಗಿದ್ದೆ. ಹಳೆಯ ಮಾತು ಬಂತು. "ಅವನೇನಾದ್ರೂ ಗೆದ್ದಿದ್ರೆ ನಿನ್ನನ್ನೂ ಕಳಿಸ್ಬೇಕಾಗಿತ್ತು ಕಣಯ್ಯ" ಎಂದರು. "ಕಿಟ್ಟಪ್ಪ ದೋಣಿ ಓಡಿಸೋದಾದ್ರೆ ಮಾತ್ರ ಮದರಾಸಿಗೆ ಬರ್ತೀನಿ ಅಂತ ಬೆಂಗಳೂರಿನವರ ಹತ್ರ ಹಟ ಹಿಡಿದಿದ್ದ. ಗೆದ್ದ ಮೇಲೆ ನಾನೇ ಹೇಳ್ತೀನಿ, ಈಗಲೇ ಹೇಳ್ಬೇಡಿ ಅಂದಿದ್ದ."

ಅಲ್ಲಿಂದ ಹೇಗೆ ಎದ್ದು ಬಂದೆನೋ ಗೊತ್ತಿಲ್ಲ. ಆಮೇಲೆ ಎಷ್ಟೋ ಸಲ ಹೇಳಬೇಕೆಂದು ನಿನ್ನೆದುರು ಬಾಯಿ ತೆರೆದೆ — ಇನ್ನೊಂದು ಚಹಾ ತರಿಸಿದೆ. ನೀನಾದರೋ ಆ ಕಥೆಯನ್ನು ಎಲ್ಲರಿಗೂ ಹೇಳಿದೆ. ನಿನ್ನ ಮಗಳು ಶಮೀಮಳ ಮದುವೆಯಲ್ಲಿ ಬೀಗರಿಗೆಲ್ಲ, "ಮದರಾಸಿಗೆ ಹೋಗ್ಬೇಕಾಗಿತ್ತು, ಈ ದರಿದ್ರ ಕಾಲು ಕೈಕೊಡ್ತು. ಬೇಕಾದ್ರೆ ಕಿಟ್ಟಪ್ಪನ್ನ ಕೇಳಿ" ಎಂದೆ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಕೆರೆಯಲ್ಲಿ ಹೇಳಿದ ಸುಳ್ಳಾದರೂ ಒಂದು ಗಳಿಗೆಯದು. ಈ ತಲೆಯಾಡಿಸುವುದನ್ನು ನಾನು ವರ್ಷಗಟ್ಟಲೆ ಮಾಡಿದ್ದೇನೆ.

ನಿನ್ನ ಕಣ್ಣಿನ ಪೊರೆ ತೆಗೆಸಿದ್ದಾರೆ, ಈಗ ಓದುವಂತಿಲ್ಲ ಎಂದು ಗೊತ್ತು. ಕಾಗದ ಅಂಚೆಗೆ ಹಾಕಿದರೆ ಶಮೀಮ್ ಓದಿ ಹೇಳುತ್ತಾಳೆ. ನನ್ನ ತಪ್ಪನ್ನು ನಿನ್ನ ಮಗಳ ಬಾಯಿಂದ ಹೇಳಿಸಿ ನಾನು ಚಿಕ್ಕಬಳ್ಳಾಪುರದಲ್ಲಿ ಬೆಚ್ಚಗೆ ಕೂತಿರಬಹುದು. ಹಾಗೆ ಮಾಡುವುದಿಲ್ಲ. ಇದನ್ನು ಹಿಡಿದುಕೊಂಡು ನಾಳೆ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ಮನೆಯವರೆಲ್ಲ ಕೂತಿರಲಿ. ನಾನೇ ಓದುತ್ತೇನೆ. ಓದಿ ಮುಗಿದ ಮೇಲೆ ನೀನು ಎದ್ದು ಹೋಗು ಎಂದರೆ ಹೋಗುತ್ತೇನೆ, ಕ್ಷಮಿಸು ಎಂದು ಕೇಳುವುದಿಲ್ಲ. ಕೇಳುವುದು ಇಷ್ಟೇ, ದಸ್ತಗೀರ್ — ಇನ್ನು ಮೇಲೆ ಆ ಕಾಲನ್ನು ಬೈಯಬೇಡ.