ಮುಖ ನೋಡಿ ಕೋಡ್ ಬರೆದವರು

ಮೊನ್ನೆ ಹಳೆಯ ತಗಡಿನ ಡಬ್ಬ ತೊಳೆಯುವಾಗ ಒಂದು ಪೇಪರ್ ಟೇಪಿನ ಸುರುಳಿ ಸಿಕ್ಕಿತು. ಹಳದಿಯಾಗಿ, ಧೂಳು ಮೆತ್ತಿಕೊಂಡು... ಒಂದು ಕಾಲದಲ್ಲಿ ಮಲಗುವ ಮೊದಲು ಅದರಿಂದಲೇ ಬಲಗಣ್ಣಿನ ರೆಪ್ಪೆ ಅಂಟಿಸಿಕೊಳ್ಳುತ್ತಿದ್ದೆ. ರೆಪ್ಪೆ ತಾನಾಗಿ ಪೂರ್ತಿ ಮುಚ್ಚುತ್ತಿರಲಿಲ್ಲ.

ನಾನು ಬೀಡಿ ಕಟ್ಟುವವಳು. ಮುಚ್ಚದ ಕಣ್ಣಿಗೆ ತಂಬಾಕಿನ ಧೂಳು ಬಿದ್ದು ಬಿದ್ದು ಕರಿಗುಡ್ಡೆಯ ಮೇಲೆ ಬಿಳಿ ಬರತೊಡಗಿತ್ತು. ಎಡಗಣ್ಣು ಹುಟ್ಟಿನಿಂದಲೇ ಮಂದ. ಬಲಗಣ್ಣೂ ಹೋದರೆ ಬೀಡಿ ಇಲ್ಲ, ಅನ್ನವೂ ಇಲ್ಲ.

ಅದಕ್ಕೆ ಎರಡು ವರ್ಷ ಮೊದಲು ತಲೆನೋವಿಗೆಂದು ಬೆಳ್ತಂಗಡಿ ಕಡೆಯ ನಾಟಿ ವೈದ್ಯನೊಬ್ಬ ಕಬ್ಬಿಣ ಕಾಯಿಸಿ ನನ್ನ ಬಲಗೆನ್ನೆಗೆ ಬರೆ ಹಾಕಿದ್ದ. ಬಂಟ್ವಾಳದ ಆಸ್ಪತ್ರೆಯಲ್ಲಿ ಅದನ್ನು ಹೇಳಲಿಲ್ಲ. ಬರೆ ಎಂದರೆ ಡಾಕ್ಟರುಗಳು ಬೈಯುತ್ತಾರೆ. ನಮ್ಮಲ್ಲಿ ಎಲ್ಲರೂ ಹಾಗೆಯೇ, ಹಾಕಿಸುತ್ತೇವೆ, ಮುಚ್ಚಿಡುತ್ತೇವೆ. ಸೆರಗನ್ನು ಕೆನ್ನೆಗೆ ಎಳೆದುಕೊಂಡು, ಮುಖಕ್ಕೆ ವಾತ ಹೊಡೆದದ್ದು ಎಂದೆ. ಹೊರಗೆ ಜನ ತುಂಬಿದ್ದರು. ಎಳೆಯ ಡಾಕ್ಟರು ಟಾರ್ಚು ಹಾಕಿ ಗುಡ್ಡೆ ನೋಡಿ, ವಾತ ಎಂದೇ ಬರೆದು, ಆರು ತಿಂಗಳು ಕಣ್ಣಿಗೆ ಮದ್ದು ಬಿಟ್ಟುಕೊಂಡು ಕಾಯಲು ಹೇಳಿದರು.

ಚೀಟಿ ಹಿಡಿದು ಸರಕಾರಿ ಆರೋಗ್ಯ ಕಾರ್ಡಿನ ಕಿಟಕಿಗೆ ಹೋದೆ. ಅಲ್ಲಿ ಕಾಯಿಲೆಗೆ ಕೋಡ್ ಬರೆಯುವವರೊಬ್ಬರಿದ್ದರು, ಪಾಣೆಮಂಗಳೂರಿನ ಬ್ಯಾರಿ, ಬಿಳಿ ಗಡ್ಡದವರು. ಯಾವ ಕಣ್ಣು, ಮೇಲಿನ ರೆಪ್ಪೆಯೋ ಕೆಳಗಿನದೋ, ಯಾವ ಕಾರಣಕ್ಕೆ ಮುಚ್ಚುವುದಿಲ್ಲ, ಎಲ್ಲಕ್ಕೂ ಬೇರೆ ಬೇರೆ ಕೋಡ್ ಅಂತೆ. ಕೋಡ್ ಹೇಗೋ ಹಾಗೆ ಚಿಕಿತ್ಸೆ ಮಂಜೂರು. ರೋಗಿಯ ಮುಖ ನೋಡದೆ ಅವರು ಬರೆಯುತ್ತಿರಲಿಲ್ಲ. ಎದ್ದು ಹೊರಗೆ ಬಂದರು.

"ಅಕ್ಕ, ಎರಡೂ ಕಣ್ಣು ಮುಚ್ಚಿ, ನೋಡುವ."

ಮುಚ್ಚಿದೆ. ಬಲಗಣ್ಣು ಅರ್ಧಕ್ಕೇ ನಿಂತಿತು. ಹುಬ್ಬು ಎತ್ತಲು ಹೇಳಿದರು, ಎತ್ತಿದೆ. ಹಲ್ಲು ತೋರಿಸಿ ಎಂದರು.

"ನಾನೇನು ಸಂತೆಗೆ ಬಂದ ದನವಾ?" ಎಂದೆ.

ಅವರು ನಕ್ಕರು. "ಬಾಯಿ ನೆಟ್ಟಗೆ ಉಂಟು, ಮಾತು ಅದಕ್ಕಿಂತ ನೆಟ್ಟಗೆ ಉಂಟು. ವಾತ ಹೊಡೆದ್ರೆ ಬಾಯಿ ಸೊಟ್ಟ ಆಗ್ತದೆ, ಇದು ವಾತ ಅಂತ ಕಾಣುವುದಿಲ್ಲ. ಸೆರಗು ಸ್ವಲ್ಪ ಸರಿಸಿ."

ಸರಿಸಿದೆ. ಬರೆಯ ಕಲೆ ಕೆಳರೆಪ್ಪೆಯನ್ನು ಜಗ್ಗಿ ಹಿಡಿದಿತ್ತು. ಇನ್ನು ಬೈಯುತ್ತಾರೆ ಎಂದು ನಿಂತೆ. ಅವರು ಅಂಗಿಯ ಕೈ ಮೇಲೆತ್ತಿ ತಮ್ಮ ತೋಳಿನ ಬರೆ ತೋರಿಸಿದರು. ಚಿಕ್ಕವರಿದ್ದಾಗ ಕಾಮಾಲೆಗೆ ಅವರ ತಾಯಿ, ಉಮ್ಮ, ಹಾಕಿಸಿದ್ದಂತೆ.

"ವಾತ ಅಂತ ಕೋಡ್ ಹಾಕಿದ್ರೆ ನೀವು ಆರು ತಿಂಗಳು ಕಾಯ್ತೀರಿ, ಕಣ್ಣು ಕಾಯುವುದಿಲ್ಲ. ಡಾಕ್ಟ್ರು ಬರೆದದ್ದನ್ನು ತಿದ್ದಲಿಕ್ಕೆ ನಾನು ಯಾರೂ ಅಲ್ಲ. ಬನ್ನಿ, ಅಲ್ಲಿ ನೀವೇ ಹೇಳಿ."

ಕಿಟಕಿ ಮುಚ್ಚಿ ಜೊತೆಗೆ ಬಂದರು. ಸಾಲಿನಲ್ಲಿದ್ದವರು ಗೊಣಗಿದರು, ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಡಾಕ್ಟರ ಕೋಣೆಯಲ್ಲಿ ನಾನು ಬರೆಯ ವಿಷಯ ಬಾಯಿ ಬಿಟ್ಟೆ. ದೊಡ್ಡ ಡಾಕ್ಟರಮ್ಮ ನೋಡಿ, ಸುಟ್ಟ ಕಲೆಯ ಎಳೆತ ಎಂದು ತಿದ್ದಿ ಬರೆದರು. ಆಮೇಲೆಯೇ ಇವರು ಕೋಡ್ ಹಾಕಿದ್ದು. ಹದಿನೈದು ದಿನದೊಳಗೆ ಆಪರೇಷನ್ ಆಯಿತು. ಕಿವಿಯ ಹಿಂದಿನ ಚರ್ಮ ತೆಗೆದು ರೆಪ್ಪೆಗೆ ಹೊಲಿದರು. ಓದಿದವರನ್ನು ಹೊಗಳುವ ಬಾಯಿ ನನ್ನದಲ್ಲ... ಈ ಕೋಡ್ ಬರೆಯುವವರನ್ನು ಹೊಗಳುತ್ತೇನೆ.

ಈಗ ಅದೇ ಕಣ್ಣಿಗೆ ಪೊರೆ ಬಂದಿದೆ. ನಿನ್ನೆ ಆ ಕಿಟಕಿಗೆ ಹೋದೆ. ಒಬ್ಬ ಹುಡುಗಿ ಕೂತಿದ್ದಳು. ಆ ಬಿಳಿ ಗಡ್ಡದವರು ಕಳೆದ ಮಳೆಗಾಲದಲ್ಲಿ ತೀರಿಕೊಂಡರಂತೆ. ನನಗೆ ಯಾರೂ ಹೇಳಿರಲಿಲ್ಲ. ಹೇಳಿ ಕಳಿಸಲು ನಾನು ಅವರಿಗೆ ಯಾರು...

ಹುಡುಗಿ ಕಂಪ್ಯೂಟರ್ ನೋಡುತ್ತಲೇ ಯಾವ ಕಣ್ಣು ಎಂದು ಕೇಳಿದಳು.

"ಮುಖ ನೋಡಿ ಬರಿ ಮಗಾ" ಎಂದೆ. ಅವಳು ತಲೆ ಎತ್ತುವವರೆಗೆ ಕಿಟಕಿ ಬಿಟ್ಟು ಕದಲಲಿಲ್ಲ.